ಊರಿಗೆಲ್ಲ ಕೇಳಿಸಿದ ವಿರಹ: ಸ್ಪ್ಯಾನಿಷ್ ಹಾಡುಗಳಲ್ಲಿ ಸೋತ ಪ್ರೀತಿ

ಸ್ನೇಹಿತರೇ,

ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಒಂದು ಬಾಡಿಗೆ ಕೋಣೆಯಿಂದ ಮಾತು ಆರಂಭಿಸುತ್ತೇನೆ. ಅಲ್ಲಿದ್ದ ಹೆಣ್ಣು ಬಿಟ್ಟುಹೋಗಿದ್ದಾಳೆ. ಒಂದೇ ಬಣ್ಣದ ರಿಬ್ಬನ್ ಕಟ್ಟಿ ಅಂದವಾಗಿ ಇಟ್ಟಿದ್ದ ಪುಟ್ಟ ಪುಟ್ಟ ಸೀಸೆಗಳು ಈಗ ಕಾಣುವುದಿಲ್ಲ. ಕನ್ನಡಿ ಮಸುಕಾಗಿದೆ, ಅದೂ ಅತ್ತಂತಿದೆ. ಗಿಟಾರು ಬಟ್ಟೆಯ ಬೀರುವಿನಲ್ಲಿ ತೂಗುತ್ತಿದೆ, ಅದರ ತಂತಿ ಮೀಟುವವರಿಲ್ಲ. ದೀಪಕ್ಕೆ ಬೆಳಗುವ ಮನಸ್ಸಿಲ್ಲ. ಅಲ್ಲಿ ಉಳಿದಿರುವ ಗಂಡಸು ಈಗಲೂ ಮಾಟೆ ಎಂಬ ಎಲೆಯ ಕಷಾಯದ ಜೊತೆ ತಿನ್ನಲು ಬಿಸ್ಕತ್ತು ತರುತ್ತಾನೆ, ಅವಳು ಇನ್ನೂ ಇದ್ದಾಳೆ ಎಂಬಂತೆ. ರಾತ್ರಿ ಬಾಗಿಲು ಹಾಕಿಕೊಳ್ಳಲು ಅವನಿಂದಾಗುವುದಿಲ್ಲ. ತೆರೆದಿಟ್ಟರೆ ಬಂದಾಳೆಂಬ ಆಸೆ.

ಇದು ‘ಮಿ ನೊಚೆ ತ್ರಿಸ್ತೆ’, ಅಂದರೆ ‘ನನ್ನ ದುಃಖದ ರಾತ್ರಿ’ ಎಂಬ ಟ್ಯಾಂಗೊ. ಸಾಮುವೆಲ್ ಕಾಸ್ತ್ರಿಯೋತಾ ವಾದ್ಯಕ್ಕೆಂದು ಮಾಡಿದ್ದ ಒಂದು ಧಾಟಿಗೆ ಪಾಸ್ಕುವಲ್ ಕೊಂತುರ್ಸಿ ಮಾತು ಕೂಡಿಸಿದರು. 1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಅದನ್ನು ಹಾಡಿ ಧ್ವನಿಮುದ್ರಿಸಿದರು. ಅಲ್ಲಿಯವರೆಗೆ ಟ್ಯಾಂಗೊ ಎಂದರೆ ಬಹುಮಟ್ಟಿಗೆ ಕುಣಿತದ ಸಂಗೀತ. ಮಾತು ಇದ್ದಲ್ಲಿ ಅದು ಹೆಚ್ಚಾಗಿ ಚೇಷ್ಟೆಯದು, ಪೋಲಿತನದ್ದು. ಈ ಹಾಡು ಬಂದ ಮೇಲೆ ಟ್ಯಾಂಗೊ ಕಥೆ ಹೇಳತೊಡಗಿತು, ಮತ್ತು ಮತ್ತೆ ಮತ್ತೆ ಹೇಳಿದ್ದು ಈ ಒಂದೇ ಕಥೆಯನ್ನು: ಅವಳು ಹೋದಳು.

ಆ ಕೋಣೆಯನ್ನು ಇನ್ನೊಮ್ಮೆ ನೋಡಿ. ಅಲ್ಲಿ ಬೇರೆ ಮನುಷ್ಯರಿಲ್ಲ. ಹಾಗಾಗಿ ಅವನು ಸಾಮಾನುಗಳನ್ನೇ ಸಾಕ್ಷಿಗೆ ಕರೆಯುತ್ತಾನೆ. ಕನ್ನಡಿ ಅಳಬೇಕು, ದೀಪ ಮುನಿಯಬೇಕು, ಇಬ್ಬರನ್ನೂ ಜೊತೆಯಾಗಿ ಕಾಣದ ಮಂಚ ಸಿಡುಕಬೇಕು. ಇವತ್ತು ನಾನು ಹೇಳಬೇಕೆಂದು ಬಂದದ್ದು ಇದರ ಬಗ್ಗೆಯೇ. ಸ್ಪ್ಯಾನಿಷ್ ಭಾಷೆಯ ಹಾಡುಗಳಲ್ಲಿ ಪ್ರೀತಿಯಲ್ಲಿ ಸೋತವರು ತಮ್ಮ ನೋವನ್ನು ಒಳಗೇ ಇಟ್ಟುಕೊಂಡು ಬಾಳುವುದಿಲ್ಲ. ಅವರಿಗೆ ಸಾಕ್ಷಿ ಬೇಕು. ಕೇಳುವವರು ತಾಯಿಯಾಗಿರಬಹುದು, ಹೆಂಡದಂಗಡಿಯ ಮಾಣಿಯಾಗಿರಬಹುದು, ಪಿಟೀಲು ಹಿಡಿದ ಅಪರಿಚಿತರಾಗಿರಬಹುದು. ಬಿಟ್ಟುಹೋದವಳೋ ಹೋದವನೋ ಕೇಳಿಸಿಕೊಳ್ಳುವುದಿಲ್ಲ ಎಂಬುದು ಹಾಡುವವರಿಗೂ ಗೊತ್ತು. ಹಾಡು ತಲುಪುವುದು ಸುತ್ತ ಕುಳಿತವರನ್ನು.

ಕೊಂತುರ್ಸಿ ಕಟ್ಟಿದ ಕೋಣೆ ಬರೀ ಕಲ್ಪನೆಯೂ ಅಲ್ಲ. 1914ರ ಜನಗಣತಿಯ ಹೊತ್ತಿಗೆ ಬ್ಯೂನಸ್ ಐರಿಸ್‌ನ ಸುಮಾರು ಅರ್ಧದಷ್ಟು ಜನ ಹೊರದೇಶಗಳಲ್ಲಿ ಹುಟ್ಟಿದವರಾಗಿದ್ದರು. ಇಟಲಿ, ಸ್ಪೇನ್‌ಗಳಿಂದ ಹಡಗು ಹತ್ತಿ ಬಂದವರೇ ಅವರಲ್ಲಿ ಹೆಚ್ಚು, ಅದರಲ್ಲೂ ಗಂಡಸರ ಸಂಖ್ಯೆ ದೊಡ್ಡದು. ಕೊನ್ವೆಂತಿಯೊ ಎಂದು ಕರೆಯುತ್ತಿದ್ದ ವಠಾರಗಳಲ್ಲಿ ನಡುವೆ ಒಂದು ಅಂಗಳ, ಸುತ್ತ ಸಾಲು ಕೋಣೆಗಳು, ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ ಅಥವಾ ಹಲವು ಒಂಟಿ ಗಂಡಸರು. ಊರು ಬಿಟ್ಟು ಬಂದವನ ದುಃಖವೂ ಹೆಣ್ಣು ಬಿಟ್ಟುಹೋದವನ ದುಃಖವೂ ಆ ಅಂಗಳದಲ್ಲಿ ಬೆರೆತು ಒಂದಾದವು ಎಂದು ನಾನು ಬಲವಾಗಿ ನಂಬಿದ್ದೇನೆ. 1935ರಲ್ಲಿ ಗಾರ್ಡೆಲ್ ಹಾಡಿದ ‘ವೊಲ್ವೆರ್’ ಕೇಳಿ. ಕಣತಲೆಯ ಕೂದಲು ಬೆಳ್ಳಗಾದವನೊಬ್ಬ ಹಿಂದಿರುಗುತ್ತಿದ್ದಾನೆ, ಇಪ್ಪತ್ತು ವರ್ಷ ಏನೂ ಅಲ್ಲ ಎನ್ನುತ್ತಾನೆ. ಅವನು ಹೆದರುತ್ತಿರುವುದು ಹಳೆಯ ಪ್ರೇಯಸಿಯ ಭೇಟಿಗೋ ಹಳೆಯ ಊರಿನ ಭೇಟಿಗೋ ಎಂದು ಬೇರ್ಪಡಿಸಿ ಹೇಳಲಾಗುವುದಿಲ್ಲ. ಅದೇ ವರ್ಷದ ಜೂನ್ 24ರಂದು ಕೊಲಂಬಿಯಾದ ಮೆಡೆಯಿನ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಗಾರ್ಡೆಲ್ ತೀರಿಕೊಂಡರು. ಆ ಹಾಡಿಗೆ ಮಾತು ಬರೆದ ಆಲ್ಫ್ರೆದೊ ಲೆ ಪೆರಾ ಕೂಡ ಅದೇ ವಿಮಾನದಲ್ಲಿದ್ದರು.

ಸಾಕ್ಷಿಯನ್ನು ಹುಡುಕುವ ಈ ಅಭ್ಯಾಸ ಟ್ಯಾಂಗೊಗಿಂತ ಎಷ್ಟೋ ಶತಮಾನ ಹಳೆಯದು. ಸ್ಪೇನ್‌ನ ಬಹುಭಾಗ ಮುಸ್ಲಿಂ ಅರಸರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಅಲ್ಲಿನ ಅರಬ್ಬಿ ಮತ್ತು ಹೀಬ್ರೂ ಕವಿಗಳು ತಮ್ಮ ಪದ್ಯಗಳ ತುದಿಗೆ ಬೀದಿಯಲ್ಲಿ ಜನ ಆಡುವ ಭಾಷೆಯ ಕೆಲವು ಸಾಲುಗಳನ್ನು ಸೇರಿಸುತ್ತಿದ್ದರು. ಅವುಗಳ ಹೆಸರು ಖರ್ಜಾ. ಬರೆದದ್ದು ಅರಬ್ಬಿ ಅಥವಾ ಹೀಬ್ರೂ ಲಿಪಿಯಲ್ಲಿ, ಒಳಗಿದ್ದ ಮಾತು ಮಾತ್ರ ಇಂದಿನ ಸ್ಪ್ಯಾನಿಷ್‌ನ ಹತ್ತಿರದ ನಂಟ. 1948ರಲ್ಲಿ ಸ್ಯಾಮುಯೆಲ್ ಸ್ಟರ್ನ್ ಎಂಬ ವಿದ್ವಾಂಸರು ಇಂಥ ಸಾಲುಗಳನ್ನು ಓದಿ ಪ್ರಕಟಿಸಿದಾಗ ಸ್ಪ್ಯಾನಿಷ್ ಕಾವ್ಯದ ಚರಿತ್ರೆಯನ್ನೇ ಹಿಂದಕ್ಕೆ ಸರಿಸಿ ಬರೆಯಬೇಕಾಯಿತು. ಆ ಸಾಲುಗಳಲ್ಲಿ ಬಹಳಷ್ಟು ಹೆಣ್ಣಿನ ದನಿಯವು. ನನ್ನ ಹೃದಯ ನನ್ನನ್ನು ಬಿಟ್ಟು ಹೊರಟಿದೆ, ದೇವರೇ, ಮರಳಿ ಬಂದೀತೇ ಎಂದು ಒಬ್ಬಳು ಕೇಳುತ್ತಾಳೆ. ಏನು ಮಾಡಲಮ್ಮಾ, ನಲ್ಲ ಬಾಗಿಲಲ್ಲಿ ನಿಂತಿದ್ದಾನೆ ಎನ್ನುತ್ತಾಳೆ ಇನ್ನೊಬ್ಬಳು. ಅವಳು ಹೇಳಿಕೊಂಡದ್ದು ತಾಯಿಗೆ. ಇಷ್ಟು ಹಿಂದೆ ಹೋದರೂ ಸಿಗುವುದು ಒಬ್ಬರು ಇನ್ನೊಬ್ಬರಿಗೆ ತೋಡಿಕೊಳ್ಳುತ್ತಿರುವ ಮಾತೇ.

ಬೊಲೇರೊ ಎಂಬ ನಿಧಾನ ಲಯದ ಪ್ರೇಮಗೀತೆಯ ಬಗ್ಗೆ ನಾನು ಹೆಚ್ಚು ನಿಲ್ಲುವುದಿಲ್ಲ. ಅದು ನಿಮ್ಮಲ್ಲಿ ಹಲವರು ಬೇರೆ ಬೇರೆ ಭಾಷೆಯ ರೂಪಗಳಲ್ಲಿ ಕೇಳಿರಬಹುದಾದ ಪ್ರಕಾರ. 19ನೇ ಶತಮಾನದ ಕೊನೆಗೆ ಕ್ಯೂಬಾದ ಸಾಂತಿಯಾಗೊ ನಗರದಲ್ಲಿ ಪೆಪೆ ಸಾಂಚೆಸ್ ಎಂಬ ದರ್ಜಿ ಕಟ್ಟಿದ ‘ತ್ರಿಸ್ತೆಸಾಸ್’, ಅಂದರೆ ‘ದುಃಖಗಳು’, ಮೊದಲ ಬೊಲೇರೊ ಎಂದು ಎಣಿಕೆ. ಅಲ್ಲಿಂದ ಅದು ಮೆಕ್ಸಿಕೊಗೆ ದಾಟಿತು, ರೇಡಿಯೊ ಏರಿತು, ಮೈಕ್ರೊಫೋನಿನ ಕಿವಿಯಲ್ಲಿ ಪಿಸುಗುಟ್ಟುವಷ್ಟು ಮೃದುವಾಯಿತು. 1944ರಲ್ಲಿ ನ್ಯೂಯಾರ್ಕ್‌ನಲ್ಲಿ ಕೂಡಿದ ಲಾಸ್ ಪಾಂಚೋಸ್ ಎಂಬ ಮೂವರ ತಂಡ ಅದಕ್ಕೆ ಕೂಡುದನಿಯನ್ನೂ, ರೆಕಿಂತೊ ಎಂಬ ಸಣ್ಣ ಗಿಟಾರಿನ ಹೊಳೆಯುವ ಮೇಲ್ಸ್ಥಾಯಿಯನ್ನೂ ಕೊಟ್ಟಿತು. 2023ರಲ್ಲಿ ಕ್ಯೂಬಾ ಮತ್ತು ಮೆಕ್ಸಿಕೊಗಳ ಬೊಲೇರೊ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಆದರೂ ಒಂದು ಹಾಡಿನ ಮಾತು ಹೇಳಲೇಬೇಕು, ಏಕೆಂದರೆ ಉತ್ತರ ಸಿಗದ ಪ್ರೀತಿಯನ್ನು ಅಷ್ಟು ಸರಳವಾಗಿ ಹೇಳಿದ ಇನ್ನೊಂದು ಹಾಡನ್ನು ನಾನು ಕಂಡಿಲ್ಲ. ಕ್ಯೂಬಾದ ಓಸ್ವಾಲ್ದೊ ಫಾರ್ರೆಸ್ 1947ರಲ್ಲಿ ಬರೆದ ‘ಕಿಸಾಸ್, ಕಿಸಾಸ್, ಕಿಸಾಸ್’. ಯಾವಾಗ, ಹೇಗೆ, ಎಲ್ಲಿ ಎಂದು ಅವನು ಕೇಳುತ್ತಲೇ ಇರುತ್ತಾನೆ. ಪ್ರತಿ ಸಲವೂ ಅವಳ ಉತ್ತರ ಒಂದೇ: ಇರಬಹುದು, ಇರಬಹುದು, ಇರಬಹುದು. ಅವಳು ಇಲ್ಲ ಎಂದಿದ್ದರೆ ಅವನು ಅತ್ತು ಎದ್ದು ಹೋಗಬಹುದಿತ್ತು. ಈ ಉತ್ತರ ಅವನನ್ನು ಹೋಗಲೂ ಬಿಡುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಬೊಲೇರೊ ಇಬ್ಬರು ತಬ್ಬಿಕೊಂಡು ಕುಣಿಯುವ ಸಂಗೀತ. ಪ್ರೀತಿ ದಕ್ಕಲಿಲ್ಲ ಎಂಬ ಮಾತಿಗೆ ಜನ ಒಬ್ಬರನ್ನೊಬ್ಬರು ಅಪ್ಪಿ ಹೆಜ್ಜೆ ಹಾಕಿದರು.

ದಕ್ಷಿಣಕ್ಕೆ ಎಕ್ವಡಾರ್‌ನ ಗ್ವಾಯಾಕಿಲ್‌ನಲ್ಲಿ 1935ರಲ್ಲಿ ಹುಟ್ಟಿದ ಹೂಲಿಯೊ ಹಾರಾಮಿಯೊ ಅವರನ್ನು ಅಮೆರಿಕದ ಬುಲ್‌ಬುಲ್ ಎಂದು ಕರೆದರು. ಅವರು ಹಾಡಿ ಮನೆಮಾತಾಗಿಸಿದ ‘ನುಯೆಸ್ತ್ರೊ ಹುರಮೆಂತೊ’, ಅಂದರೆ ‘ನಮ್ಮ ಆಣೆ’, ಪೋರ್ಟೊ ರಿಕೊದ ಬೆನಿತೊ ದೆ ಹೆಸೂಸ್ ಅವರ ರಚನೆ. ನೀನು ಮೊದಲು ಸತ್ತರೆ ನಮ್ಮ ಪ್ರೀತಿಯ ಕಥೆಯನ್ನು ಎದೆಯ ರಕ್ತವನ್ನೇ ಶಾಯಿ ಮಾಡಿ ಬರೆಯುತ್ತೇನೆ. ನಾನು ಮೊದಲು ಸತ್ತರೆ ನೀನು ನನ್ನ ಶವದ ಮೇಲೆ ಕಣ್ಣೀರೆಲ್ಲ ಸುರಿಸಬೇಕು, ನೀನು ನನ್ನನ್ನು ಪ್ರೀತಿಸಿದೆ ಎಂದು ಎಲ್ಲರಿಗೂ ತಿಳಿಯಬೇಕು. ಎಲ್ಲರಿಗೂ ತಿಳಿಯಬೇಕು ಎಂಬ ಆ ಕೊನೆಯ ಬೇಡಿಕೆಯನ್ನು ಗಮನಿಸಿ. ಸಾವಿನಲ್ಲೂ ಅವನಿಗೆ ಸಭೆ ಬೇಕು. 1978ರಲ್ಲಿ ಹಾರಾಮಿಯೊ ತೀರಿಕೊಂಡಾಗ ಗ್ವಾಯಾಕಿಲ್‌ನಲ್ಲಿ ಜನಸಾಗರವೇ ನೆರೆಯಿತು.

ಈಗ ನನಗೆ ತೀರ ಹತ್ತಿರವಾದ ಭಾಗಕ್ಕೆ ಬರುತ್ತೇನೆ. ಮೆಕ್ಸಿಕೊದ ರಾಂಚೇರಾ ಎಂಬ ಹಾಡಿನ ಪ್ರಕಾರ.

ಹೊಸೆ ಆಲ್ಫ್ರೆದೊ ಹಿಮೇನೆಸ್ 1926ರಲ್ಲಿ ಗ್ವಾನಹ್ವಾತೊ ಪ್ರಾಂತ್ಯದ ದೊಲೊರೆಸ್ ಇದಾಲ್ಗೊ ಎಂಬ ಊರಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಮೆಕ್ಸಿಕೊ ನಗರಕ್ಕೆ ಬಂದರು. ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದರು, ಹೋಟೆಲಿನಲ್ಲಿ ಮಾಣಿಯಾಗಿ ದುಡಿದರು. ವಾದ್ಯ ನುಡಿಸಲು ಬರುತ್ತಿರಲಿಲ್ಲ, ಸ್ವರಲಿಪಿ ಗೊತ್ತಿರಲಿಲ್ಲ. ಹಾಡು ಹೊಳೆದಾಗ ಗುನುಗುತ್ತಿದ್ದರು. ರುಬೆನ್ ಫುಯೆಂತೆಸ್ ಅವರಂಥ ಸಂಗೀತಗಾರರು ಅದನ್ನು ಬರೆದುಕೊಂಡು ಮಾರಿಯಾಚಿ ಮೇಳಕ್ಕೆ, ಅಂದರೆ ಪಿಟೀಲು, ಟ್ರಂಪೆಟ್, ಗಿಟಾರುಗಳ ಮೇಳಕ್ಕೆ ಹೊಂದಿಸುತ್ತಿದ್ದರು. ಕುಡಿತ ಅವರ ಯಕೃತ್ತನ್ನು ತಿಂದಿತು. 1973ರಲ್ಲಿ, ಐವತ್ತು ತುಂಬುವ ಮೊದಲೇ ಹೋದರು.

ರಾಂಚೇರಾ ನೆಲೆಯೂರಿದ ಜಾಗ ಕ್ಯಾಂಟೀನಾ, ಮೆಕ್ಸಿಕೊದ ಹೆಂಡದಂಗಡಿ. ಅಲ್ಲಿ ಪ್ರೇಮದಲ್ಲಿ ಸೋತವನು ಮೇಳದವರಿಗೆ ಹಣ ಕೊಟ್ಟು ತನ್ನ ಹಾಡನ್ನು ಹಾಡಿಸಿಕೊಳ್ಳುತ್ತಾನೆ. ಚರಣದ ನಡುವೆ ತಾನೂ ದನಿಗೂಡಿಸುತ್ತಾನೆ. ದುಃಖ ತಡೆಯಲಾರದಾದಾಗ ಅಕ್ಕಪಕ್ಕದ ಮೇಜುಗಳಿಂದ ಗ್ರಿತೊ ಎಂಬ ಉದ್ದನೆಯ ಕೂಗು ಏಳುತ್ತದೆ, ಅಳುವಿಗೂ ಕೇಕೆಗೂ ನಡುವಿನದು. ಹಾಡುವವನ ನೋವನ್ನು ಕೇಳಿದೆವು ಎಂಬುದಕ್ಕೆ ಊರಿನವರು ಹಾಕುವ ರುಜು ಅದು. ಹಿಮೇನೆಸ್ ಅವರ ‘ಎಲ್ ರೇಯ್’, ಅಂದರೆ ‘ರಾಜ’, ಇಂಥ ಕಡೆ ಇವತ್ತಿಗೂ ಮೊಳಗುತ್ತದೆ. ಸಿಂಹಾಸನವಿಲ್ಲ, ರಾಣಿಯಿಲ್ಲ, ಅರ್ಥಮಾಡಿಕೊಳ್ಳುವವರಿಲ್ಲ, ಆದರೂ ನಾನೇ ರಾಜ. ಎಲ್ಲ ಕಳೆದುಕೊಂಡವನು ಹತ್ತು ಜನರ ಎದುರು ನಿಂತು ಹೀಗೆ ಹೇಳಿದರೆ, ಹಾಡು ಮುಗಿಯುವವರೆಗೆ ಆ ಹತ್ತು ಜನ ಅದನ್ನು ಒಪ್ಪುತ್ತಾರೆ.

ಆದರೆ ನನ್ನ ಮನಸ್ಸಿನಲ್ಲಿ ಅವರ ಅತ್ಯುತ್ತಮ ಹಾಡು ‘ಉನ್ ಮುಂದೊ ರಾರೊ’, ‘ಒಂದು ವಿಚಿತ್ರ ಲೋಕ’. ಅವಳು ಬೇರೆಯವನ ಬಳಿಗೆ ಹೋಗಲಿದ್ದಾಳೆ. ಅವನು ಶಪಿಸುವುದಿಲ್ಲ. ಅವಳಿಗೊಂದು ಬುದ್ಧಿಮಾತು ಹೇಳುತ್ತಾನೆ. ಮುಂದೆ ಯಾರಾದರೂ ನಿನಗೆ ಸೂರ್ಯನನ್ನೂ ಆಕಾಶವನ್ನೂ ಕೊಡುತ್ತೇನೆಂದು ಬಂದಾಗ ನನ್ನ ಹೆಸರೆತ್ತಬೇಡ. ನಿನ್ನ ಹಿಂದಿನ ಬದುಕನ್ನು ಕೇಳಿದರೆ ಒಂದು ಸುಳ್ಳು ಹೇಳು. ವಿಚಿತ್ರ ಲೋಕವೊಂದರಿಂದ ಬಂದಿದ್ದೇನೆ ಅನ್ನು. ಅಳಲು ಗೊತ್ತಿಲ್ಲ ಅನ್ನು, ಪ್ರೀತಿ ಅರ್ಥವಾಗುವುದಿಲ್ಲ ಅನ್ನು, ಯಾರನ್ನೂ ಎಂದೂ ಪ್ರೀತಿಸಿಲ್ಲ ಅನ್ನು. ಎರಡನೆಯ ಭಾಗದಲ್ಲಿ ಅವನು ತನ್ನ ಸುಳ್ಳನ್ನು ಸಿದ್ಧಮಾಡಿಕೊಳ್ಳುತ್ತಾನೆ. ನಾನೂ ವಿಚಿತ್ರ ಲೋಕದಿಂದಲೇ ಬಂದೆನೆನ್ನುತ್ತೇನೆ, ನೋವೆಂದರೇನೆಂದು ತಿಳಿಯದೆನ್ನುತ್ತೇನೆ, ಪ್ರೀತಿಯಲ್ಲಿ ಗೆದ್ದೆನೆನ್ನುತ್ತೇನೆ, ಅತ್ತಿಲ್ಲವೆನ್ನುತ್ತೇನೆ.

ಎರಡು ಸುಳ್ಳುಗಳೂ ಒಂದೇ ಊರಿನ ವಿಳಾಸ ಕೊಡುತ್ತವೆ. ಬೇರೆಯಾದ ಮೇಲೆ ಅವರಿಬ್ಬರಿಗೂ ಸೇರಿ ಉಳಿಯುವುದು ಆ ಸುಳ್ಳೊಂದೇ. ಯಾರಿಗೂ ಹೇಳಬಾರದು ಎಂಬ ಒಪ್ಪಂದವನ್ನು ತುಂಬಿದ ಅಂಗಡಿಯಲ್ಲಿ, ಟ್ರಂಪೆಟ್‌ಗಳ ನಡುವೆ, ಗಂಟಲೆತ್ತಿ ಹಾಡುವುದು ಈ ಪರಂಪರೆಯಿಂದ ಮಾತ್ರ ಸಾಧ್ಯ. ಪ್ರತಿ ಸಲ ಕೇಳಿದಾಗಲೂ ಆ ಎರಡನೆಯ ಭಾಗದ ಕೊನೆಗೆ ಬಂದಾಗ ನನಗೆ ಗಂಟಲು ಕಟ್ಟುತ್ತದೆ.

ಈ ಹಾಡನ್ನು ಇನ್ನೊಂದು ಎತ್ತರಕ್ಕೆ ಒಯ್ದವರು ಚಾವೇಲಾ ವರ್ಗಾಸ್. 1919ರಲ್ಲಿ ಕೋಸ್ಟರಿಕಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಮೆಕ್ಸಿಕೊಗೆ ಬಂದವರು. ರಾಂಚೇರಾ ಹಾಡುವ ಹೆಂಗಸರು ಅವರಿಗಿಂತ ಮೊದಲೂ ಇದ್ದರು. ಲುಚಾ ರೆಯೆಸ್ ಅವರ ಒರಟು ದನಿ 1930ರ ದಶಕದಲ್ಲೇ ಹೆಸರಾಗಿತ್ತು. ಚಾವೇಲಾ ಮಾಡಿದ್ದು ಬೇರೆ. ಇಡೀ ಮಾರಿಯಾಚಿ ಮೇಳವನ್ನು ಕೈಬಿಟ್ಟು ಗಿಟಾರನ್ನು ಮಾತ್ರ ಇಟ್ಟುಕೊಂಡರು. ಲಯವನ್ನು ತೀರ ನಿಧಾನಕ್ಕೆ ಇಳಿಸಿದರು. ಪ್ಯಾಂಟು ತೊಟ್ಟು, ಪೊಂಚೊ ಹೊದ್ದು ವೇದಿಕೆಗೆ ಬಂದರು. ಗಂಡಸು ಹೆಣ್ಣಿಗೆ ಹಾಡಿದ ಪ್ರೇಮಗೀತೆಗಳನ್ನು ಲಿಂಗ ಬದಲಿಸದೆ, ಹೆಣ್ಣನ್ನು ಕುರಿತೇ ಹಾಡಿದರು. ಮೆಕ್ಸಿಕೊ ನಗರದ ಕ್ಯಾಂಟೀನಾಗಳೊಳಗೆ ಹೆಂಗಸರಿಗೆ ಕಾನೂನಿನ ಪ್ರಕಾರ ಪ್ರವೇಶ ಸಿಕ್ಕಿದ್ದೇ 1980ರ ದಶಕದ ಆರಂಭದಲ್ಲಿ ಎಂಬುದನ್ನು ನೆನೆದರೆ ಆ ಕಾಲದಲ್ಲಿ ಇದಕ್ಕೆ ಎಷ್ಟು ಧೈರ್ಯ ಬೇಕಿತ್ತೆಂದು ತಿಳಿಯುತ್ತದೆ.

ಚಾವೇಲಾ ಹಿಮೇನೆಸ್ ಅವರ ಗೆಳತಿಯಾಗಿ, ಅವರ ಸಮಸಮಕ್ಕೆ ಕುಡಿದು, ಕೊನೆಗೆ ಕುಡಿತದಿಂದಲೇ ವೇದಿಕೆಯಿಂದ ಕಣ್ಮರೆಯಾದರು. ಸತ್ತೇಹೋದರೆಂದು ಹಲವರು ತಿಳಿದಿದ್ದರು. 1991ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮೆಕ್ಸಿಕೊ ನಗರದ ಕೊಯೊಆಕಾನ್‌ನ ಒಂದು ಸಣ್ಣ ರಂಗಮಂದಿರದಲ್ಲಿ ಮತ್ತೆ ಹಾಡಿದರು. ಅಲ್ಲಿಂದ ಸ್ಪೇನ್‌ಗೆ, 2003ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ಗೆ ಹೋದರು. ಎಂಬತ್ತರ ಹರೆಯದಲ್ಲಿ ತಾವು ಹೆಂಗಸರನ್ನು ಪ್ರೀತಿಸಿದವಳು ಎಂದು ಬಹಿರಂಗವಾಗಿ ಹೇಳಿದರು. 2002ರಲ್ಲಿ ಬಂದ ಅವರ ಆತ್ಮಕಥೆಗೆ ಇಟ್ಟ ಹೆಸರಿನ ಅರ್ಥ ‘ನನ್ನ ಹಿಂದಿನದನ್ನು ತಿಳಿಯಬೇಕೆಂದರೆ’. ಅದು ‘ಉನ್ ಮುಂದೊ ರಾರೊ’ ಹಾಡಿನದೇ ಸಾಲು, ಸ್ವಲ್ಪ ತಿರುಗಿಸಿದ್ದು. ಹಾಡಿನಲ್ಲಿ ಆ ಸಾಲಿನ ಬೆನ್ನಿಗೆ ಬರುವುದು ಸುಳ್ಳು. ಚಾವೇಲಾ ಅದೇ ಸಾಲು ಹಿಡಿದು ನಿಜ ಹೇಳಿದರು.

ಈ ಪರಂಪರೆಗೆ ಒಂದು ಕರಾಳ ಮುಖವಿದೆ. ಅದನ್ನು ಮುಚ್ಚಿಟ್ಟು ಈ ಹಾಡುಗಳನ್ನು ಹೊಗಳಲು ನನಗೆ ಮನಸ್ಸೊಪ್ಪುವುದಿಲ್ಲ. ಉತ್ತರ ಮೆಕ್ಸಿಕೊದಲ್ಲಿ ಕೊರ್ರೀದೊ ಎಂಬ ಕಥನಗೀತೆಗಳಿವೆ, ನಮ್ಮ ಲಾವಣಿಗೆ ಹತ್ತಿರದವು. ಅವುಗಳಲ್ಲೊಂದು ಸಾಲ್ತಿಯೊ ಊರಿನ ರೊಸೀತಾ ಆಲ್ವಿರೆಸ್ ಎಂಬ ಹುಡುಗಿಯದು. ಇವತ್ತು ರಾತ್ರಿ ಹೊರಗೆ ಹೋಗಬೇಡ ಎಂದು ತಾಯಿ ತಡೆಯುತ್ತಾಳೆ. ಕುಣಿತ ನನಗಿಷ್ಟವಾದರೆ ತಪ್ಪು ನನ್ನದಲ್ಲ ಎಂದು ಮಗಳು ಹೊರಡುತ್ತಾಳೆ. ಅಲ್ಲಿ ಹಿಪೋಲಿತೊ ಎಂಬವನು ಕುಣಿಯಲು ಕರೆಯುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ನನ್ನನ್ನು ಅವಮಾನಿಸಬೇಡ ರೊಸೀತಾ, ಜನ ನೋಡುತ್ತಾರೆ ಎನ್ನುತ್ತಾನೆ. ಜನ ಏನಾದರೂ ಅನ್ನಲಿ, ನಿನ್ನ ಜೊತೆ ಕುಣಿಯುವುದಿಲ್ಲ ಎನ್ನುತ್ತಾಳೆ. ಅವನು ಸೊಂಟದಿಂದ ಪಿಸ್ತೂಲು ತೆಗೆದು ಮೂರು ಗುಂಡು ಹಾರಿಸುತ್ತಾನೆ.

ಜನ ನೋಡುತ್ತಾರೆ. ಕ್ಯಾಂಟೀನಾದಲ್ಲಿ ಸೋತವನಿಗೆ ಹೆಗಲು ಕೊಟ್ಟ ಅದೇ ಜನ ಇಲ್ಲಿ ಅವನ ಸೋಲಿಗೆ ಸಾಕ್ಷಿಯಾದರು, ಅವನು ಸಹಿಸದಾದ. ಸಾಕ್ಷಿ ಬೇಕೆನ್ನುವ ಹಂಬಲ ಮತ್ತು ಮಾನ ಹೋಯಿತೆನ್ನುವ ಭಯ ಒಂದೇ ಬೇರಿನಿಂದ ಬಂದವು. ಒಲ್ಲೆ ಎಂದ ಹೆಣ್ಣನ್ನು ಕೊಲ್ಲುವ ಗಂಡಸರು ಇಂದಿಗೂ ಸುದ್ದಿಯಲ್ಲಿದ್ದಾರೆ. ಈ ಕೊರ್ರೀದೊವನ್ನು ಕುಣಿತದ ಲಯದಲ್ಲಿ ಲವಲವಿಕೆಯಿಂದ ಹಾಡುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಹಾಗಿದ್ದೂ ಆ ಹುಡುಗಿಯ ಉತ್ತರವನ್ನು ಹಾಡು ಅಳಿಸಿಹಾಕಲಿಲ್ಲ, ಪ್ರತಿ ಸಲವೂ ಅವಳು ಅದನ್ನು ಸ್ಪಷ್ಟವಾಗಿ ಹೇಳುತ್ತಾಳೆ. ಅಷ್ಟಕ್ಕಾದರೂ ನಾನು ಕೃತಜ್ಞ.

ಹೆಂಗಸರು ತಾವೇ ಫಿರ್ಯಾದುದಾರರಾಗಿ ನಿಂತಾಗ ಹಾಡಿನ ಬಿಸಿ ಬದಲಾಯಿತು. ಮೆಕ್ಸಿಕೊದ ಪಾಕೀತಾ ಲಾ ದೆಲ್ ಬಾರ್ರಿಯೊ, 2025ರಲ್ಲಿ ತೀರಿಕೊಂಡವರು, ತಮ್ಮದೇ ಹೋಟೆಲಿನ ವೇದಿಕೆಯಿಂದ ವಂಚಕ ಗಂಡಸನ್ನು ‘ಎರಡು ಕಾಲಿನ ಇಲಿ’ ಎಂದು ಬೈದು ಹಾಡಿದರು. ಸಭೆಯಲ್ಲಿದ್ದ ಹೆಂಗಸರು ಒಂದೊಂದು ಬೈಗುಳಕ್ಕೂ ದನಿಗೂಡಿಸುತ್ತಿದ್ದರು. 2023ರ ಜನವರಿಯಲ್ಲಿ ಕೊಲಂಬಿಯಾದ ಶಕೀರಾ, ಅರ್ಜೆಂಟೀನಾದ ಸಂಗೀತ ನಿರ್ಮಾಪಕ ಬಿಸಾರಾಪ್ ಜೊತೆ ಮಾಡಿದ ಹಾಡಿನಲ್ಲಿ, ನೀನು ಫೆರಾರಿ ಕೊಟ್ಟು ಟ್ವಿಂಗೊ ಎಂಬ ಅಗ್ಗದ ಕಾರು ತೆಗೆದುಕೊಂಡೆ, ರೋಲೆಕ್ಸ್ ಕೊಟ್ಟು ಕ್ಯಾಸಿಯೊ ತೆಗೆದುಕೊಂಡೆ ಎಂದು ತಮ್ಮ ಮಾಜಿ ಸಂಗಾತಿಯನ್ನು ಹಂಗಿಸಿದರು. ಕಾರು, ಗಡಿಯಾರಗಳ ಈ ಲೆಕ್ಕ ನನ್ನನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಅವರು ನಿಂತಿರುವುದು ಪಾಕೀತಾ ತೆರವು ಮಾಡಿಕೊಟ್ಟ ಜಾಗದಲ್ಲಿಯೇ.

ಇವರೆಲ್ಲರಿಗಿಂತ ಆಳಕ್ಕೆ ಹೋದವರು ಚಿಲಿಯ ವಿಯೋಲೆತಾ ಪಾರ್ರಾ. ಹಳ್ಳಿಹಳ್ಳಿ ತಿರುಗಿ ಮುದುಕ ಮುದುಕಿಯರಿಂದ ಜಾನಪದ ಹಾಡುಗಳನ್ನು ಸಂಗ್ರಹಿಸಿದವರು. ಅವರು ಪ್ರೀತಿಸಿದ ಸ್ವಿಸ್ ಸಂಗೀತಗಾರ ಗಿಲ್ಬರ್ಟ್ ಫಾವ್ರ್ ಬೊಲಿವಿಯಾಕ್ಕೆ ಹೊರಟುಹೋದರು. 1966ರ ಅವರ ಧ್ವನಿಮುದ್ರಿಕೆಯಲ್ಲಿ ಉತ್ತರಕ್ಕೆ ಹೋದ ಗಂಡಸಿನ ಬಗ್ಗೆ ಒಂದು ಹಾಡಿದೆ. ಅದರ ಜೊತೆಗೇ ‘ಮಾಲ್ದಿಗೊ ದೆಲ್ ಆಲ್ತೊ ಸಿಯೆಲೊ’ ಇದೆ, ಒಂದು ಹಿಡಿಶಾಪದ ಹಾಡು. ಎತ್ತರದ ಆಕಾಶಕ್ಕೆ ಶಾಪ, ವಸಂತಕ್ಕೆ ಶಾಪ, ಆಂಡೀಸ್ ಪರ್ವತಗಳಿಗೆ ಶಾಪ, ಬಿಷಪ್ಪರಿಗೂ ಮಂತ್ರಿಗಳಿಗೂ ಶಾಪ, ಪ್ರೀತಿ ಎಂಬ ಶಬ್ದಕ್ಕೇ ಅದರ ಕೊಳಕಿನ ಸಮೇತ ಶಾಪ. ಪ್ರತಿ ಚರಣವೂ ನನ್ನ ನೋವು ಎಷ್ಟಿರಬೇಡ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಬ್ಬ ಮನುಷ್ಯ ಬಿಟ್ಟುಹೋದದ್ದಕ್ಕೆ ಇಡೀ ಜಗತ್ತನ್ನೇ ಕಟಕಟೆಗೆ ಎಳೆದಿದ್ದಾರೆ. ಬದುಕಿಗೆ ವಂದನೆ ಹೇಳುವ ‘ಗ್ರಾಸಿಯಾಸ್ ಆ ಲಾ ವೀದಾ’ ಕೂಡ ಅದೇ ಮುದ್ರಿಕೆಯಲ್ಲಿದೆ. 1967ರ ಫೆಬ್ರವರಿ 5ರಂದು ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಆ ಸಾವನ್ನು ಮುಂದಿಟ್ಟುಕೊಂಡು ಹಾಡುಗಳನ್ನು ಹಿಂದುಮುಂದಾಗಿ ಓದುವವರ ಬಗ್ಗೆ ನನಗೆ ತಕರಾರಿದೆ. ವಂದನೆಯ ಹಾಡು ಬರೆದವರೂ ಶಾಪದ ಹಾಡು ಬರೆದವರೂ ಒಬ್ಬರೇ, ಎರಡನ್ನೂ ಅವರು ಪೂರ್ಣ ಮನಸ್ಸಿನಿಂದ ಬರೆದರು. ಆ ಶಾಪದ ಹಾಡಿನಲ್ಲಿರುವ ಕಸುವು ಸೋತು ಕುಸಿದವರದ್ದಲ್ಲ.

ಮಾತು ಮುಗಿದ ಮೇಲೆ ಸಭಿಕರೊಬ್ಬರು, ಸ್ಪ್ಯಾನಿಷ್ ಬಾರದವರು ಎಲ್ಲಿಂದ ಕೇಳಲು ಆರಂಭಿಸಬೇಕು ಎಂದು ಕೇಳಿದರು. ನನ್ನ ಸಲಹೆ ಇದು. ‘ಉನ್ ಮುಂದೊ ರಾರೊ’ ಹಾಡನ್ನು ಮೊದಲು ಹಿಮೇನೆಸ್ ಅವರ ದನಿಯಲ್ಲಿ ಮೇಳದೊಂದಿಗೆ ಕೇಳಿ, ಆಮೇಲೆ ಚಾವೇಲಾ ಅವರ ದನಿಯಲ್ಲಿ. ಅವರು ಸಾಲಿನ ನಡುವೆ ಎಲ್ಲಿ ತಡೆಯುತ್ತಾರೆ, ಎಲ್ಲಿ ಹಾಡುವುದನ್ನು ಬಿಟ್ಟು ಬರೀ ಮಾತಿನಂತೆ ನುಡಿಯುತ್ತಾರೆ ಎಂದು ಗಮನಿಸಿ. ಗಾರ್ಡೆಲ್ ಅವರ 1917ರ ಮುದ್ರಣದಲ್ಲಿ ಗರಗರ ಸದ್ದು ಹೆಚ್ಚು, ಆದರೂ ಕೋಣೆಯ ಸಾಮಾನುಗಳ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು ಕೇಳಿದರೆ ಒಂದೊಂದೂ ಕಣ್ಣಿಗೆ ಕಟ್ಟ ಹತ್ತುತ್ತದೆ. ವಿಯೋಲೆತಾ ಪಾರ್ರಾ ಅವರನ್ನು ಕೊನೆಗೆ ಇಟ್ಟುಕೊಳ್ಳಿ, ಆ ಶಾಪದ ಹಾಡಿಗೆ ಮನಸ್ಸು ಗಟ್ಟಿ ಬೇಕು. ಪಾಕೀತಾ ಅವರನ್ನು ಮಾತ್ರ ಒಬ್ಬರೇ ಕುಳಿತು ಕೇಳಬೇಡಿ, ನಾಲ್ಕು ಜನ ಸೇರಿದಾಗ ದೊಡ್ಡ ದನಿಯಲ್ಲಿ ಹಾಕಿ.